ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನೂ ಎಷ್ಟೋ ಜನರ ಮೇಲೆ ಎಸೆದಿದ್ದೇನೆ. ಆದರೆ ನಮ್ಮ ಮಲಗುವ ಕೋಣೆಯ ನೆಲ ನಿಜವಾಗಿಯೂ ಡೊಂಕಾಗಿತ್ತು. ಇಷ್ಟು ವರ್ಷ ಅದರ ಮೇಲೇ ಓಡಾಡಿದರೂ ನನಗೆ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದು, ಅದರ ಮೇಲೆ ಹಲಗೆ ಹಾಸೋದು ನಾನೇ, ಯಾರನ್ನೂ ಕರೆಯೋದಿಲ್ಲ ಅಂತ ಹಟ ಹಿಡಿದ ಮೇಲೆ.

ಹಳೇ ಸಿಮೆಂಟ್ ನೆಲ ಅದು. ಅಲ್ಲಲ್ಲಿ ಬಿರುಕು, ಎಷ್ಟು ಗುಡಿಸಿದರೂ ಪುಡಿ. ಅಮ್ಮ ಮಾತ್ರ ಮೊದಲ ದಿನದಿಂದಲೂ "ಕೆಲಸ ಗೊತ್ತಿರೋರನ್ನ ಕರೆಸಬಾರದೇನೇ?" ಅನ್ನುತ್ತಲೇ ಇದ್ದಳು. "ಬರೀ ಜೋಡಿಸೋದಮ್ಮ, ಮಕ್ಕಳಾಟದ ಹಾಗೆ" ಅಂದಿದ್ದೆ. ತಪ್ಪೇನಲ್ಲ, ಜೋಡಿಸೋದು ನಿಜವಾಗಿಯೂ ಮಕ್ಕಳಾಟವೇ. ಆದರೆ ಜೋಡಿಸುವ ಕೆಲಸ ಇಡೀ ಕೆಲಸದಲ್ಲಿ ಕಾಲು ಭಾಗ ಕೂಡ ಇಲ್ಲ ಅಂತ ಆಗ ಗೊತ್ತಿರಲಿಲ್ಲ.

ತಂದಿದ್ದು 8 ಮಿ.ಮೀ. ದಪ್ಪದ ಲ್ಯಾಮಿನೇಟ್. ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ. ಒಂದೊಂದು ಹಲಗೆ 1215 ಮಿ.ಮೀ. ಉದ್ದ, 195 ಮಿ.ಮೀ. ಅಗಲ. ಮೊಳೆ ಇಲ್ಲ, ಅಂಟೂ ಇಲ್ಲ. ಒಂದರ ನಾಲಿಗೆಯನ್ನು ಇನ್ನೊಂದರ ತೋಡಿಗೆ ಓರೆಯಾಗಿ ಸಿಕ್ಕಿಸಿ ಕೆಳಗೆ ಒತ್ತಿದರೆ ಕಟ್ ಅಂತ ಕೂರುತ್ತದೆ. ಇಡೀ ನೆಲ ಯಾವುದಕ್ಕೂ ಅಂಟಿಕೊಳ್ಳದೆ, ಚಾಪೆ ಹಾಸಿದ ಹಾಗೆ ಸುಮ್ನೆ ಮಲಗಿರುತ್ತದೆ. ಕೋಣೆಯ ವಿಸ್ತೀರ್ಣ ಲೆಕ್ಕ ಹಾಕಿ, ಕತ್ತರಿಸುವಾಗ ಹಾಳಾಗುವುದಕ್ಕೆ ಅಂತ 10% ಜಾಸ್ತಿ ಸೇರಿಸಿ, 8 ಪೆಟ್ಟಿಗೆ ತಂದೆವು. ತಂದ ತಕ್ಷಣ ಬಿಚ್ಚಬಾರದಂತೆ. ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಬೇಕು, ಅಲ್ಲಿನ ಬಿಸಿ, ತೇವಕ್ಕೆ ಹಲಗೆ ಹೊಂದಿಕೊಳ್ಳಬೇಕು ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು. ನೆಂಟರು ಬಂದರೂ ಇಷ್ಟು ಉಪಚಾರ ಮಾಡಿರಲಿಲ್ಲ.

ಆ ಎರಡು ದಿನ ನೆಲದ ಕೆಲಸ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಬಿಟ್ಟೆ. ನೆಲದಲ್ಲಿ ತೇವ ಇದ್ದರೆ ಹಾಳೆಯ ಅಡಿಯಲ್ಲಿ ಬೆವರಿದ ಹಾಗೆ ಹನಿ ಕಾಣುತ್ತದೆ. ಮರುದಿನ ಎತ್ತಿ ನೋಡಿದರೆ ಒಣಗಿತ್ತು, ಒಂದು ಚಿಂತೆ ಕಳೆಯಿತು. ಆಮೇಲೆ ತಮ್ಮ ಬಂದ. ಅವನ ಹತ್ತಿರ 2 ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ ಇತ್ತು. ಅದನ್ನು ನೆಲದ ಮೇಲಿಟ್ಟು, ಬಗ್ಗಿ ಅಡಿಯಲ್ಲಿ ಟಾರ್ಚ್ ಬಿಟ್ಟ. ಕಿಟಕಿಯ ಮೂಲೆಯಲ್ಲಿ ಪಟ್ಟಿಯ ಅಡಿಯಿಂದ ಬೆಳಕು ಆರಾಮಾಗಿ ಆಚೆ ಬಂತು.

"ಅಕ್ಕಾ, ಇಲ್ಲಿ ಕೆರೆ ಇದೆ ನಿನಗೆ."

7 ಮಿ.ಮೀ. ತಗ್ಗು. ನಾವು ತಂದ ಹಲಗೆಗೆ 2 ಮೀಟರಿಗೆ 3 ಮಿ.ಮೀ.ಗಿಂತ ಜಾಸ್ತಿ ತಗ್ಗು ಇರಬಾರದು. ಇದ್ದರೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ, ಆ ಸಣ್ಣ ನಾಲಿಗೆ ಒಂದು ದಿನ ಮುರಿಯುತ್ತದೆ. ಬಾಗಿಲ ಹತ್ತಿರ ಉಬ್ಬೂ ಇತ್ತು, ಅದನ್ನು ತಮ್ಮ ಉಜ್ಜಿ ಉಜ್ಜಿ ತೆಗೆದ. ತಗ್ಗಿಗೆ, ನೀರು ಹಾಕಿ ಕಲಸಿ ಸುರಿದರೆ ತಾನೇ ಹರಡಿ ಸಮ ಆಗುವ ಸಿಮೆಂಟಿನ ಪುಡಿ ಸಿಗುತ್ತದೆ. ಅದನ್ನು ತಂದೆ. ಕಲಸಿದ ಮೇಲೆ 15-20 ನಿಮಿಷದಲ್ಲಿ ಸುರಿದು ಮುಗಿಸಬೇಕು. ನಾನು ಇಡೀ ಚೀಲ ಬಕೆಟ್ಟಿಗೆ ಸುರಿದು ಕಲಸಿದೆ. ಅರ್ಧ ಸುರಿಯುವಷ್ಟರಲ್ಲಿ ಫೋನ್ ಬಂತು, ಮಾತಾಡಿ ಬರುವಷ್ಟರಲ್ಲಿ ಉಳಿದರ್ಧ ಬಕೆಟ್ಟಿನ ಆಕಾರದಲ್ಲೇ ಕಲ್ಲಾಗಿತ್ತು. ಇನ್ನೊಂದು ಚೀಲ ತರಬೇಕಾಯಿತು. ಗೋಡೆಯ ಬುಡಕ್ಕೆ ಹೊಡೆದಿದ್ದ ಹಳೇ ಸ್ಕರ್ಟಿಂಗ್ ಪಟ್ಟಿ ಕೀಳುವಾಗ ಅದರ ಜೊತೆ ಗೋಡೆಯ ಗಾರೆಯೂ ತಟ್ಟೆಯಗಲ ಕಿತ್ತು ಬಂತು. ಅದನ್ನು ಅಮ್ಮನಿಗೆ ತೋರಿಸಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಶುರು. ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 2 ಮಿ.ಮೀ. ಫೋಮ್. ಹಲಗೆ ಇಡುವ ಮೊದಲು ತಮ್ಮ ಲೆಕ್ಕಕ್ಕೆ ಕೂತ. ಕೋಣೆಯ ಅಗಲ 2960 ಮಿ.ಮೀ. ಎರಡೂ ಗೋಡೆಯ ಹತ್ತಿರ ತಲಾ 10 ಮಿ.ಮೀ. ಜಾಗ ಬಿಡಬೇಕು, ಯಾಕೆಂದರೆ ತೇವ ಹೆಚ್ಚಾದಾಗ ಹಲಗೆ ಹಿಗ್ಗುತ್ತದೆ. ಉಳಿದದ್ದು 2940. ಅದರಲ್ಲಿ 15 ಪೂರ್ತಿ ಸಾಲು ಕೂತರೆ ಕೊನೆಗೆ ಉಳಿಯುವುದು ಬರೀ 15 ಮಿ.ಮೀ.! ಬೆರಳಗಲದ ಹಲಗೆಯನ್ನು ಗೋಡೆ ಪಕ್ಕ ಸಿಕ್ಕಿಸೋದು ಹೇಗೆ? ಅದಕ್ಕೆ ಮೊದಲ ಸಾಲನ್ನೇ 105ಕ್ಕೆ ಸೀಳಿದರೆ ಕೊನೆಯ ಸಾಲೂ 105 ಬರುತ್ತದೆ, ನಡುವೆ 14 ಪೂರ್ತಿ ಸಾಲು. ನನಗೆ ಇದು ಹೊಳೆದೇ ಇರಲಿಲ್ಲ. ಶಾಲೆಯಲ್ಲಿ ಲೆಕ್ಕದಲ್ಲಿ ನನಗೇ ಜಾಸ್ತಿ ಅಂಕ ಬರುತ್ತಿತ್ತು ಅಂತ ಇಲ್ಲಿ ಸುಮ್ನೆ ಹೇಳಿಟ್ಟಿರುತ್ತೇನೆ.

ಮೊದಲ ಸಾಲು ಚೆನ್ನಾಗಿಯೇ ಬಂತು. ಗೋಡೆಗೂ ಹಲಗೆಗೂ ನಡುವೆ ಸಣ್ಣ ಬೆಣೆ ಇಡುತ್ತಾ ಹೋದೆವು. ಎರಡನೇ ಸಾಲಿನಲ್ಲಿ ನಾಲ್ಕನೇ ಹಲಗೆ ಏನು ಮಾಡಿದರೂ ಕೂರಲಿಲ್ಲ. ಕೂದಲೆಳೆಯಷ್ಟು ಸಂದು ಉಳಿಯುತ್ತಿತ್ತು. ಒತ್ತಿದೆ, ತಟ್ಟಿದೆ, ಬೈದೆ. ಕೊನೆಗೆ ಸಿಟ್ಟಿನಲ್ಲಿ ಸುತ್ತಿಗೆಯಿಂದ ನೇರವಾಗಿ ಅಂಚಿಗೇ ಒಂದು ಕೊಟ್ಟೆ, ನಾಲಿಗೆ ಚಕ್ಕೆ ಎದ್ದು ಆ ಹಲಗೆ ಕೆಲಸಕ್ಕೆ ಬಾರದ ಹಾಗಾಯಿತು. ನಡುವೆ ಮರದ ತುಂಡು ಹಿಡಿದು ಅದರ ಮೇಲೆ ಹೊಡೆಯಬೇಕು ಅಂತ ಗೊತ್ತಿತ್ತು, ಆದರೆ ಸಿಟ್ಟು ಬಂದಾಗ ತುಂಡು ಎಲ್ಲಿ ಹುಡುಕೋದು? ಆಮೇಲೆ ನೋಡಿದರೆ ತೋಡಿನ ಒಳಗೆ ಗರಗಸದ ಹೊಟ್ಟಿನ ಒಂದು ಕಾಳು ಕೂತಿತ್ತು, ರವೆಗಿಂತ ಸಣ್ಣದು. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷೇ ನನ್ನ ಮುಖ್ಯ ಆಯುಧ. ಪ್ರತಿ ಹಲಗೆಯ ತೋಡನ್ನೂ ಉಜ್ಜಿ, ಊದಿ, ಆಮೇಲೆ ಸಿಕ್ಕಿಸೋದು.

ಕತ್ತರಿಸುವ ಕೆಲಸ ತಮ್ಮನದು. ಜಿಗ್‌ಸಾ ಅನ್ನೋ ಕರೆಂಟಿನ ಗರಗಸದ ಬ್ಲೇಡಿನ ಹಲ್ಲು ಮೇಲೆ ಬರುವಾಗ ಕತ್ತರಿಸುತ್ತದೆ, ಹಾಗಾಗಿ ಹಲಗೆಯನ್ನು ಬೋರಲು ಹಾಕಿ ಕತ್ತರಿಸಬೇಕು, ಇಲ್ಲದಿದ್ದರೆ ಚಿತ್ರದ ಪದರ ಚಕ್ಕೆ ಏಳುತ್ತದೆ. ಅದೇನೋ ಸರಿ, ಆದರೆ ಬೋರಲು ಹಾಕಿದಾಗ ಎಡ ಬಲ ಆಗುತ್ತದೆ, ಬಲ ಎಡ ಆಗುತ್ತದೆ. ಎರಡು ಹಲಗೆ ಹಾಗೇ ಹೋದವು. ಒಂದು ಸಾಲಿನ ಕೊನೆಗೆ ಉಳಿದ ತುಂಡಿನಿಂದಲೇ ಮುಂದಿನ ಸಾಲು ಶುರು ಮಾಡುತ್ತಿದ್ದೆವು, ಆದರೆ ತುಂಡು 300 ಮಿ.ಮೀ.ಗಿಂತ ಸಣ್ಣದಾದರೆ ಬಿಸಾಡು, ಅಕ್ಕಪಕ್ಕದ ಸಾಲಿನ ಕೂಡುಗೆರೆಗಳು ಹತ್ತಿರ ಬಂದರೆ ನೆಲಕ್ಕೆ ಬಲ ಇರಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ಪಳಗಿತ್ತು. ಮಾತೇ ಇಲ್ಲದೆ ಒಬ್ಬರು ಹಿಡಿಯೋದು, ಒಬ್ಬರು ಒತ್ತೋದು, ಕಟ್, ಕಟ್ ಅಂತ ಸಾಲು ಮುಂದೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಜಗಳ ಇಲ್ಲದೆ ನಾವಿಬ್ಬರು ಇಷ್ಟು ಹೊತ್ತು ಒಂದೇ ಕೋಣೆಯಲ್ಲಿ ಇದ್ದದ್ದು ನೆನಪಿಲ್ಲ. ಮೊಣಕಾಲು ಮಾತ್ರ ನನ್ನದಲ್ಲ ಅನ್ನಿಸುತ್ತಿತ್ತು.

ಬಾಗಿಲ ಚೌಕಟ್ಟಿನ ಹತ್ತಿರ ಒಂದು ಗಂಟೆ ಹೋಯಿತು. ಹಲಗೆಯನ್ನು ಚೌಕಟ್ಟಿನ ಆಕಾರಕ್ಕೆ ಕೊರೆಯೋ ಬದಲು ಚೌಕಟ್ಟಿನ ಬುಡವನ್ನೇ ಸ್ವಲ್ಪ ಕತ್ತರಿಸೋದು ಸುಲಭ. ಫೋಮಿನ ಮೇಲೆ ಒಂದು ತುಂಡು ಹಲಗೆ ಇಟ್ಟು, ಅದರ ಮೇಲೆ ಗರಗಸ ಮಲಗಿಸಿ ಕೊಯ್ದರೆ ಸರಿಯಾಗಿ ಅಷ್ಟೇ ಎತ್ತರಕ್ಕೆ ಸಂದು ಬರುತ್ತದೆ. ಹಲಗೆ ಅದರ ಅಡಿಗೆ ನುಸುಳಿಕೊಂಡು ಕೂತಿತು. ಇಡೀ ದಿನದಲ್ಲಿ ನನಗೆ ಅತೀ ಖುಷಿ ಕೊಟ್ಟ ಕ್ಷಣ ಅದು.

ಕೊನೆಯ ಸಾಲು ಬರುವಾಗ ರಾತ್ರಿ ಎಂಟೂವರೆ. ಲೆಕ್ಕದ ಪ್ರಕಾರ 105. ತಮ್ಮ ಬಾಗಿಲ ಕಡೆ ಅಳೆದ, ಸರಿ 105 ಇತ್ತು. ಎಲ್ಲ ಹಲಗೆಯನ್ನೂ 105ಕ್ಕೆ ಸೀಳಿದ. ಬಾಗಿಲ ಕಡೆಯಿಂದ ಸುಲಭವಾಗಿ ಕೂತವು, ಕಿಟಕಿ ಕಡೆಯ ತುಂಡು ಬಿಗಿಯಾಗಿ ಒಳಗೆ ಇಳಿಯಿತು. ಬೆಣೆ ಇಡೋಕೂ ಜಾಗ ಇಲ್ಲದ ಹಾಗೆ. "ಹೆಂಗೆ ಕೂತಿದೆ ನೋಡಕ್ಕಾ, ಅಚ್ಚು ಹಾಕಿದ ಹಾಗೆ!" ಅಂದ. ನಾನೂ ಹೂಂ ಅಂದೆ. ಸುಸ್ತಾಗಿತ್ತು. ಮೇಲೆ ಹೊಸ ಸ್ಕರ್ಟಿಂಗ್ ಹೊಡೆದು ಮುಚ್ಚಿದೆವು.

ಬಾಗಿಲನ್ನು ವಾಪಸ್ ಸಿಕ್ಕಿಸಲು ಹೋದಾಗ ಇನ್ನೊಂದು ನೆನಪಾಯಿತು. ಫೋಮು, ಹಲಗೆ ಸೇರಿ ನೆಲ 10 ಮಿ.ಮೀ. ಮೇಲೆ ಬಂದಿದೆ, ಬಾಗಿಲು ಹಾಗೇ ಇದೆ. ತಮ್ಮ ಸುಸ್ತಿನಲ್ಲಿ ಬಾಗಿಲ ಬುಡ ಕೊಯ್ದ, ಹದಿನೈದೋ ಇಪ್ಪತ್ತೋ ಮಿ.ಮೀ. ಹೋಗಿರಬೇಕು. ಈಗ ಅದರ ಅಡಿಯಿಂದ ಕೋಣೆಯ ದೀಪ ಉರಿಯುತ್ತಿದೆಯೋ ಇಲ್ಲವೋ ಅಂತ ಆಚೆಯಿಂದಲೇ ಹೇಳಬಹುದು.

ಐದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಮಳೆ ಹಿಡಿಯಿತು. ಒಂದು ಬೆಳಗ್ಗೆ ಕಿಟಕಿ ಕಡೆ ನಡೆಯುವಾಗ ನೆಲ ಉಸಿರಾಡಿದ ಹಾಗಾಯಿತು. ಕಾಲಿಟ್ಟರೆ ಕೆಳಗೆ, ತೆಗೆದರೆ ಮೇಲೆ. ಎರಡು ಹಲಗೆಯ ನಡುವೆ ಗೆರೆ ಗುಡಾರದ ಹಾಗೆ ಎದ್ದು ನಿಂತಿತ್ತು. ಅಮ್ಮ ಬಂದು ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ತಮ್ಮ ಬಂದ. ಸ್ಕರ್ಟಿಂಗ್ ಕಿತ್ತು, ಕೋಣೆಯ ಅಗಲವನ್ನು ಈ ಸಲ ಕಿಟಕಿ ಕಡೆ ಅಳೆದೆವು. 2951. ಇಬ್ಬರೂ ಟೇಪನ್ನೇ ನೋಡುತ್ತಾ ಕೂತೆವು. ನೆಲವನ್ನು ಸಮ ಮಾಡಿದ್ದೆವು, ಗೋಡೆಯೂ ಡೊಂಕು ಇರಬಹುದು ಅಂತ ಯಾರೂ ಯೋಚಿಸಿರಲಿಲ್ಲ. ಆ ತುದಿಯಲ್ಲಿ ಕೋಣೆ 9 ಮಿ.ಮೀ. ಕಿರಿದು, ಬಿಡಬೇಕಾದ 10ರಲ್ಲಿ ಉಳಿದಿದ್ದದ್ದು 1. ನಾವು ಮೆಚ್ಚಿಕೊಂಡ ಆ ಬಿಗಿಯೇ ರೋಗ. ಹಿಗ್ಗಿದ ಹಲಗೆಗೆ ಪಕ್ಕಕ್ಕೆ ಹೋಗಲು ಜಾಗ ಇಲ್ಲ, ಮೇಲಕ್ಕೆ ಎದ್ದಿದೆ, ಅಷ್ಟೇ.

ಕೊನೆಯ ಸಾಲು ಬಿಚ್ಚಿ, ಒಂದು ತುದಿಯಲ್ಲಿ 105, ಇನ್ನೊಂದರಲ್ಲಿ 96 ಬರುವ ಹಾಗೆ ಓರೆಯಾಗಿ ಕೊಯ್ದು ಮತ್ತೆ ಕೂರಿಸಿದೆವು. ಒಂದು ಗಂಟೆಯ ಕೆಲಸ. ಗುಡಾರ ಎರಡು ಮೂರು ದಿನದಲ್ಲಿ ತಾನೇ ಇಳಿಯಿತು, ಬೆಳಕು ಓರೆಯಾಗಿ ಬಿದ್ದಾಗ ಆ ಗೆರೆ ಮಾತ್ರ ಈಗಲೂ ತೆಳ್ಳಗೆ ಕಾಣುತ್ತದೆ.

ಉಳಿದ ಐದು ಹಲಗೆ ಮಂಚದ ಕೆಳಗಿವೆ. ಬಾಗಿಲ ಅಡಿಯ ಸಂದಿನಿಂದ ಗಾಳಿ ನುಗ್ಗಿ ಬಾಗಿಲು ಪಟಪಟ ಬಡಿಯುತ್ತದೆ, ಅದಕ್ಕೆ ಅಡ್ಡ ಇಡಲು ಬಕೆಟ್ ಆಕಾರದ ಆ ಸಿಮೆಂಟ್ ಕಲ್ಲು ಇದೆ. ಹೊಸ ನೆಲಕ್ಕೆ ಗೀರು ಬೀಳದಿರಲಿ ಅಂತ ಅಮ್ಮ ಅದರ ಅಡಿಗೆ ಬಟ್ಟೆ ಹೊಲಿದು ಹಾಕಿದ್ದಾಳೆ.