‘ಯಾವ ಕಾದಂಬರಿ ಓದಲಿ?’ ಎಂದು ಕೇಳುವವರಿಗೆ

ಈಚೆಗೆ ಏನು ಓದಿದಿರಿ, ನಮಗೂ ಒಂದು ಒಳ್ಳೆಯ ಕಾದಂಬರಿ ಹೇಳಿ ಎಂದು ಕೇಳುವವರು ಕಾಸರಗೋಡಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಅವರಲ್ಲಿ ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರಿದ್ದಾರೆ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಕನ್ನಡವನ್ನು ಮನೆಯ ಮಾತಾಗಿ ಮಾತ್ರ ಉಳಿಸಿಕೊಂಡಿರುವ ಹುಡುಗ ಹುಡುಗಿಯರಿದ್ದಾರೆ. ಸಂಸಾರ ಮತ್ತು ನೌಕರಿಯ ನಡುವೆ ಬಿಟ್ಟುಹೋದ ಓದನ್ನು ನಿವೃತ್ತಿಯ ಬಳಿಕ ಮತ್ತೆ ಹಿಡಿಯಬೇಕೆಂದು ಹಂಬಲಿಸುವ ಟೀಚರುಗಳಿದ್ದಾರೆ. ಇಷ್ಟು ಬಗೆಯ ಜನರಿಗೆ ಒಂದೇ ಪುಸ್ತಕವನ್ನು ಹೇಳಲಾಗದು. ಆದರೆ ಎಲ್ಲಿಂದ ತೊಡಗಬೇಕು ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ: ನಿಮ್ಮ ಕಾಲಿಗೆ ಪರಿಚಯವಿರುವ ನೆಲದಲ್ಲಿ ನಡೆಯುವ ಕಾದಂಬರಿಯಿಂದ ತೊಡಗಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಓದಿನ ರೂಢಿ ತಪ್ಪಿದವರು ದಪ್ಪ ಪುಸ್ತಕವನ್ನು ಕಂಡು ಹಿಂಜರಿಯುವುದಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಮನೆ, ಗೊತ್ತಿಲ್ಲದ ನಂಟಸ್ತಿಕೆಗಳನ್ನೆಲ್ಲ ಒಮ್ಮೆಗೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದಾಗ ದಣಿಯುತ್ತಾರೆ. ಹೊಳೆ ಯಾವುದು, ಗುಡ್ಡ ಯಾವುದು, ಮಳೆ ಹೇಗೆ ಹಿಡಿಯುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಓದುಗನ ಗಮನವೆಲ್ಲ ಮನುಷ್ಯರ ಮೇಲೆ ನಿಲ್ಲುತ್ತದೆ. ಕಾಸರಗೋಡಿನವರಿಗೆ ಇನ್ನೊಂದು ಕಾರಣವೂ ಇದೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಬೆಳೆದವರಲ್ಲಿ ಅನೇಕರಿಗೆ, ಕನ್ನಡ ಕಾದಂಬರಿ ಎಂದರೆ ಮೈಸೂರು, ಧಾರವಾಡ, ತೀರ್ಥಹಳ್ಳಿಗಳಲ್ಲಿ ನಡೆಯುವ ಕಥೆ ಎಂಬ ಭಾವನೆ ಬೇರೂರಿಬಿಟ್ಟಿದೆ. ತಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಕನ್ನಡದ ಗಟ್ಟಿ ಕಾದಂಬರಿಗಳು ನಡೆದಿವೆ ಎಂಬ ಸಂಗತಿಯನ್ನು ಅವರಿಗೆ ಯಾರೂ ಹೇಳಿಲ್ಲ.

ಓದು ಬಿಟ್ಟು ಬಹಳ ಕಾಲವಾದವರಿಗೆ ನಾನು ಮೊದಲು ಹೇಳುವುದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡಿನಲ್ಲಿ ಹುಟ್ಟಿ, ಮನೆಮಾತು ಮಲಯಾಳವಾಗಿದ್ದರೂ ಕನ್ನಡದಲ್ಲಿ ಶಾಲೆ ಕಲಿತು, ಕನ್ನಡದಲ್ಲೇ ಬರೆದವರು ಅವರು. ಈ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಯಿತು. ನಾದಿರಾ ಎಂಬ ಹುಡುಗಿಗೆ ತಂದೆಯ ಹಟದಿಂದಾಗಿ, ತನ್ನನ್ನು ಪ್ರೀತಿಸುವ ಗಂಡ ರಶೀದನಿಂದ ತಲಾಖ್ ಆಗುತ್ತದೆ. ಮತ್ತೆ ಅವನನ್ನೇ ಮದುವೆಯಾಗಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕು ಎನ್ನುತ್ತಾರೆ. ಕಥೆಯ ಎಳೆ ಇಷ್ಟೇ. ಕೊನೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡು ಮೂರು ಮಧ್ಯಾಹ್ನಗಳಲ್ಲಿ ಮುಗಿಯುವ ಈ ಪುಟ್ಟ ಪುಸ್ತಕದ ಭಾಷೆಯಲ್ಲಿ ಅಲಂಕಾರವೇ ಇಲ್ಲ, ಮತ್ತು ಅದೇ ಅದರ ಶಕ್ತಿ. ಇದನ್ನು ಬರೇ ಒಂದು ಕಾನೂನಿನ ವಿರುದ್ಧದ ವಾದವೆಂದು ಓದುವವರಿದ್ದಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಣುವುದು ತಾಯಿಯ ಪಾತ್ರ. ಗಂಡನ ಎದುರು ಬಾಯಿ ಬಿಡಲಾರದ, ಮಗಳ ದುಃಖವನ್ನು ನೋಡಿಯೂ ಸುಮ್ಮನಿರಬೇಕಾದ ಅಂಥ ಹೆಂಗಸರನ್ನು ಈ ಊರಿನ ಎಲ್ಲ ಜಾತಿ ಮತಗಳ ಮನೆಗಳಲ್ಲೂ ನಾವು ಕಂಡಿದ್ದೇವೆ.

ನಾನು ಈಚೆಗೆ ಓದಿದ್ದು ಏನೆಂದು ಕೇಳಿದರೆ, ಈ ಮಳೆಗಾಲದಲ್ಲಿ ಮತ್ತೊಮ್ಮೆ ಓದಿದ ನಿರಂಜನರ ‘ಚಿರಸ್ಮರಣೆ’. 1955ರಲ್ಲಿ ಪ್ರಕಟವಾದ ಈ ಕಾದಂಬರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ಇದನ್ನು ಇನ್ನೂ ಓದದ ಕಾಸರಗೋಡಿನ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ, ಮತ್ತು ಅದು ನನಗೆ ನಿಜವಾಗಿ ನೋವಿನ ಸಂಗತಿ. ಕಥೆ ನಡೆಯುವುದು ತೇಜಸ್ವಿನಿ ಹೊಳೆಯ ದಡದ ಕಯ್ಯೂರಿನಲ್ಲಿ. ಇಂದು ಅದು ನಮ್ಮ ಜಿಲ್ಲೆಯ ತೆಂಕಣ ಭಾಗದ ಹಳ್ಳಿ. ಆಗ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಮೀನುದಾರರ ದಬ್ಬಾಳಿಕೆಯ ವಿರುದ್ಧ ಅಲ್ಲಿನ ರೈತರು ಸಂಘ ಕಟ್ಟಿದರು. 1941ರ ಮಾರ್ಚಿಯಲ್ಲಿ ಅವರ ಮೆರವಣಿಗೆಯ ಎದುರು ಸಿಕ್ಕಿಬಿದ್ದ ಒಬ್ಬ ಪೊಲೀಸು ಹೊಳೆಗೆ ಹಾರಿ ಮುಳುಗಿ ಸತ್ತ. ಅದಕ್ಕಾಗಿ ನಾಲ್ವರು ಯುವಕರಿಗೆ, ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡವರ ಕುಞ್ಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್ ಅವರಿಗೆ, 1943ರ ಮಾರ್ಚಿ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಾಯಿತು. ಹುಡುಗನಾಗಿದ್ದಾಗ ಹತ್ತಿರದ ನೀಲೇಶ್ವರದಲ್ಲೇ ಓದಿದ್ದ ನಿರಂಜನರಿಗೆ ಇದು ಪತ್ರಿಕೆಯಲ್ಲಿ ಕಂಡ ದೂರದ ಸುದ್ದಿಯಾಗಿರಲಿಲ್ಲ.

ಈ ಸಲದ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಲ್ಲಿನ ಪ್ರಸಂಗಕ್ಕಿಂತ ಮೊದಲಿನ ಅಧ್ಯಾಯಗಳು. ಅಪ್ಪು ಮತ್ತು ಚಿರುಕಂಡ ಇನ್ನೂ ಶಾಲೆಯ ಹುಡುಗರು. ಅವರ ಮಾಸ್ತರರು ಅವರಿಗೆ ಪಾಠದ ಜೊತೆಗೆ ತಲೆಯೆತ್ತಿ ನಿಲ್ಲುವುದನ್ನೂ ಕಲಿಸುತ್ತಾರೆ. ಚಳವಳಿ ಎಂಬುದು ಘೋಷಣೆಯಾಗುವ ಮೊದಲು ಹೇಗೆ ಸ್ನೇಹವಾಗಿ, ಗುರುಶಿಷ್ಯರ ನಂಬಿಕೆಯಾಗಿ ಹುಟ್ಟುತ್ತದೆ ಎಂಬುದನ್ನು ನಿರಂಜನರು ಬಹಳ ಮೆಲ್ಲಗೆ, ಅವಸರವಿಲ್ಲದೆ ಬರೆಯುತ್ತಾರೆ. ಕೆಲವು ಕಡೆ ಮಾತು ಭಾಷಣದತ್ತ ವಾಲುತ್ತದೆ, ಒಳ್ಳೆಯವರೂ ಕೆಟ್ಟವರೂ ತೀರಾ ಸ್ಪಷ್ಟವಾಗಿ ಬೇರೆಯಾಗುತ್ತಾರೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಪ್ರಗತಿಶೀಲ ಕಾದಂಬರಿಗಳಲ್ಲಿ ಇದು ಸಾಮಾನ್ಯ. ಆದರೂ ಈ ಪುಸ್ತಕವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಮಲಯಾಳಿ ರೈತರ ಹೋರಾಟವನ್ನು ಒಬ್ಬ ಕನ್ನಡಿಗ ತನ್ನದೆಂದು ಬರೆದ. ಅದು ಮಲಯಾಳಕ್ಕೆ ಅನುವಾದವಾಗಿ ಅಲ್ಲಿನ ಸಾಮಾನ್ಯ ಓದುಗರ ಕೈಗೂ ಸೇರಿತು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇಂಥ ಪುಸ್ತಕ ಇನ್ನೊಂದು ಸಿಗುವುದು ಕಷ್ಟ.

ಮಲಯಾಳದಲ್ಲಿ ಸರಾಗವಾಗಿ ಓದಬಲ್ಲವರಿಗೆ ನಾನು ಅಂಬಿಕಾಸುತನ್ ಮಾಙಾಡ್ ಅವರ ‘ಎಣ್ಮಕಜೆ’ಯನ್ನೂ ತಪ್ಪದೆ ಹೇಳುತ್ತೇನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷ ವರ್ಷವೂ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಎಣ್ಮಕಜೆ, ಪಡ್ರೆ, ಸ್ವರ್ಗ ಮುಂತಾದ ಊರುಗಳಿಗೆ ಏನಾಯಿತು ಎಂಬುದು ನಮಗೆಲ್ಲ ಗೊತ್ತು. 2009ರಲ್ಲಿ ಬಂದ ಈ ಕಾದಂಬರಿ, ಮನುಷ್ಯರ ಸಹವಾಸವೇ ಬೇಡವೆಂದು ಗುಡ್ಡದ ಮೇಲೆ ಬದುಕುತ್ತಿದ್ದ ಗಂಡು ಹೆಣ್ಣು, ನೀಲಕಂಠ ಮತ್ತು ದೇವಯಾನಿ, ಮೈತುಂಬ ಹುಣ್ಣಾದ ಒಂದು ಮಗುವಿನ ದೆಸೆಯಿಂದ ಮತ್ತೆ ಮನುಷ್ಯರ ನಡುವೆ ಬರಬೇಕಾಗುವ ಕಥೆ. ಕನ್ನಡ ಮತ್ತು ತುಳು ಮಾತನಾಡುವ ಊರಿನ ಸಂಕಟ ಮಲಯಾಳದಲ್ಲಿ ಇಷ್ಟು ಆಳವಾಗಿ ಬಂದಿದೆ ಎಂಬುದಕ್ಕೆ ನಾನು ಕೃತಜ್ಞ. ಮನಸ್ಸು ಕುಗ್ಗಿರುವಾಗ ಮಾತ್ರ ಇದನ್ನು ಕೈಗೆತ್ತಿಕೊಳ್ಳಬೇಡಿ.

ಅಡಿಕೆ ಬೆಳೆಯುವವರು ಬಂದು ಕೇಳಿದರೆ ನನ್ನ ಉತ್ತರ ‘ಬೆಟ್ಟದ ಜೀವ’, ಅದರಲ್ಲಿ ಯೋಚನೆಯೇ ಬೇಡ. ಶಿವರಾಮ ಕಾರಂತರ ಈ ಕಾದಂಬರಿ 1943ರದು. ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ಇಬ್ಬರು ಹಳ್ಳಿಗರು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಘಟನೆಗಳೆಂದರೆ ಎಣ್ಣೆಸ್ನಾನ, ಊಟ, ಮಾತು, ತೋಟಕ್ಕೆ ಹೋಗಿ ಬರುವುದು, ಹುಲಿಯ ಕಾಟ, ಮತ್ತು ಮನೆ ಬಿಟ್ಟುಹೋದ ಮಗ ಶಂಭುವಿನ ನೆನಪು. ಆದರೆ ಆನೆ ನುಗ್ಗುವ ಕಾಡಿನಲ್ಲಿ ತೋಟ ಎಬ್ಬಿಸಿದ ಮುದುಕನ ಗಟ್ಟಿತನವೂ, ಮಗನ ಸುದ್ದಿಗಾಗಿ ಕಾಯುವ ಶಂಕರಮ್ಮನ ಮೌನವೂ ಪುಟದಿಂದ ಪುಟಕ್ಕೆ ಬೆಳೆಯುತ್ತಾ ಹೋಗುತ್ತವೆ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ತೋಟದ ಮನೆಯಲ್ಲಿ ಇಬ್ಬರೇ ಉಳಿದಿರುವ ದಂಪತಿಗಳು ನಮ್ಮಲ್ಲಿ ಎಷ್ಟಿಲ್ಲ? ಅಂಥ ಒಬ್ಬರಿಗೆ ಪುಸ್ತಕ ಕೊಟ್ಟಾಗ, ಅವರು ಓದಿ ಮುಗಿಸಿ, ತಮ್ಮ ಹೆಂಡತಿಗೂ ಗಟ್ಟಿಯಾಗಿ ಓದಿ ಹೇಳಿ ಆಮೇಲೆ ಹಿಂದಿರುಗಿಸಿದರು. ಕಾರಂತರನ್ನು ‘ಮೂಕಜ್ಜಿಯ ಕನಸುಗಳು’ವಿನಿಂದ ಆರಂಭಿಸಬಾರದೆ ಎಂದು ಕೆಲವರು ಕೇಳುತ್ತಾರೆ, ಅದಕ್ಕೆ ಜ್ಞಾನಪೀಠ ಬಂದಿದೆಯಲ್ಲ ಎಂಬುದು ಅವರ ವಾದ. ಅದು ದೊಡ್ಡ ಕೃತಿ, ನಿಜ. ಆದರೆ ಅಲ್ಲಿ ವಿಚಾರ ಮುಂದೆ ನಿಲ್ಲುತ್ತದೆ, ಮನುಷ್ಯರು ಅದರ ಹಿಂದೆ ಬರುತ್ತಾರೆ. ಕಾರಂತರೊಡನೆ ಸಲುಗೆ ಬೆಳೆದ ಮೇಲೆ ಅದನ್ನು ಓದುವುದು ಒಳ್ಳೆಯದು.

ಇಲ್ಲಿಂದ ಮುಂದೆ ನೆಲದ ಹಂಗು ಬೇಕಾಗಿಲ್ಲ. ವಿಜ್ಞಾನ ಕಲಿಯುವ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಸಾಕು; ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯೂ, ಕಾಡನ್ನು ಅವರಿಗಿಂತ ಚೆನ್ನಾಗಿ ಬಲ್ಲ ಮಂದಣ್ಣನೂ ಅವರನ್ನು ತಾವಾಗಿ ಎಳೆದುಕೊಂಡು ಹೋಗುತ್ತಾರೆ. ಟೀಚರುಗಳಿಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಡುತ್ತೇನೆ. ಗಟ್ಟಿ ಮನಸ್ಸಿನವರಿಗೆ ಭೈರಪ್ಪನವರ ‘ಗೃಹಭಂಗ’. ಭೈರಪ್ಪನವರ ವಿಚಾರಗಳೊಡನೆ ಜಗಳವಿರುವವರೂ, ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮನೆ ನಡೆಸುವ, ಪ್ಲೇಗಿಗೆ ಬೆಳೆದ ಮಕ್ಕಳನ್ನು ಕಳೆದುಕೊಳ್ಳುವ ನಂಜಮ್ಮನ ಎದುರು ಆ ಜಗಳವನ್ನು ಮರೆಯುತ್ತಾರೆ. ಕನ್ನಡ ಕಾದಂಬರಿಗಳ ಹೆಣ್ಣುಗಳಲ್ಲಿ ಅವಳಷ್ಟು ನನ್ನನ್ನು ಕಾಡಿದವರು ಬೇರೆ ಯಾರೂ ಇಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನನಗೆ ಎಲ್ಲಕ್ಕಿಂತ ಪ್ರಿಯವಾದ ಕಾದಂಬರಿ. ಹಾಗಿದ್ದೂ ಅದನ್ನು ಮೊದಲ ಪುಸ್ತಕವಾಗಿ ನಾನು ಯಾರ ಕೈಗೂ ಕೊಡುವುದಿಲ್ಲ. ಮೇಲೆ ಹೇಳಿದವುಗಳಲ್ಲಿ ಎರಡು ಮೂರನ್ನು ಓದಿ ಮುಗಿಸಿ ಮತ್ತೆ ಕೇಳಿಕೊಂಡು ಬಂದವರಿಗೆ ಮಾತ್ರ, ಆಟಿ ತಿಂಗಳ ಬಿಡದ ಮಳೆಯ ದಿನಗಳು ಹತ್ತಿರವಾಗುತ್ತಿರುವಾಗ, ಅದರ ಹೆಸರು ಹೇಳುತ್ತೇನೆ. ಪಾತ್ರಗಳು ತುಂಬ ಇರುವುದರಿಂದ ಯಾರ ಮನೆಯವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಮೊದಮೊದಲು ಎಲ್ಲವೂ ಅರ್ಥವಾಗಬೇಕೆಂದು ಹಟ ಹಿಡಿಯಬೇಡಿ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಬಿಡದೆ ನಡೆಯುತ್ತಾ ಹೋಗಿ, ಉಳಿದವರೆಲ್ಲ ದಾರಿಯಲ್ಲೇ ಒಬ್ಬೊಬ್ಬರಾಗಿ ಸಿಗುತ್ತಾರೆ.