ಬ್ಯಾಂಕಾಕ್‌ಗೆ ಇಬ್ಬರೇ ಹೋಗುವುದಾದರೆ ನದಿ ದಂಡೆಯ ಹೋಟೆಲ್ ಹಿಡಿಯಿರಿ

ಬ್ಯಾಂಕಾಕ್ ಅಂದ ಕೂಡಲೇ ನಮ್ಮಲ್ಲಿ ಹೊರಬರುವ ಪಟ್ಟಿ ಒಂದೇ. ಶಾಪಿಂಗ್, ಸಫಾರಿ ವರ್ಲ್ಡ್, ಅಲ್ಲಿಂದ ಪಟ್ಟಾಯ. ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದರೆ ರೂಮು ಸೇರುವುದು ರಾತ್ರಿ ಹತ್ತಕ್ಕೆ. ಮಕ್ಕಳು ಮರಿ ಕಟ್ಟಿಕೊಂಡು ಹೋಗುವವರಿಗೆ ಅದು ಸರಿ. ಆದರೆ ಗಂಡ ಹೆಂಡತಿ ಇಬ್ಬರೇ, ಹನಿಮೂನ್‌ಗೋ ಮದುವೆ ವಾರ್ಷಿಕೋತ್ಸವಕ್ಕೋ, ಅಥವಾ ಸುಮ್ನೆ ಮನೆ ಆಫೀಸು ಎಲ್ಲ ಮರೆತು ಬರೋಣ ಅಂತ ಹೊರಟಿದ್ದರೆ ನನ್ನ ಸಲಹೆ ಬೇರೆ. ದುಡ್ಡನ್ನು ಟೂರ್‌ಗೆ ಹಾಕಬೇಡಿ, ಹೋಟೆಲ್‌ಗೆ ಹಾಕಿ. ಚಾವೊ ಪ್ರಯಾ ನದಿ ದಂಡೆಯಲ್ಲಿ ಒಂದು ಒಳ್ಳೆಯ ಹೋಟೆಲ್ ಹಿಡಿದು, ದಿನಕ್ಕೆ ಒಂದು ಕಡೆ ಮಾತ್ರ ಹೋಗಿ ಬಂದು, ಮಿಕ್ಕ ಹೊತ್ತು ಅಲ್ಲೇ ಇದ್ದುಬಿಡಿ. ನಾವು ಹಾಗೇ ಮಾಡಿದೆವು. ಮತ್ತೆ ಹೋದರೂ ಹಾಗೇ ಮಾಡುತ್ತೇವೆ. ಬಜೆಟ್ ಕಮ್ಮಿ ಅನ್ನಿಸಿದರೆ ದಿನಗಳನ್ನು ಕಮ್ಮಿ ಮಾಡಿ, ಹೋಟೆಲ್ ದರ್ಜೆ ಇಳಿಸಬೇಡಿ.

ನದಿಯ ಯಾವ ದಂಡೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ನದಿ ಊರಿನೊಳಗೆ ಹೆಚ್ಚು ಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪೂರ್ವ ದಂಡೆಯಲ್ಲಿ 1876ರಲ್ಲಿ ಶುರುವಾದ ಮ್ಯಾಂಡರಿನ್ ಓರಿಯಂಟಲ್ ಇದೆ, ಸಪಾನ್ ತಕ್ಸಿನ್ ಸ್ಟೇಷನ್ ಪಕ್ಕದಲ್ಲೇ ಶಾಂಗ್ರಿಲಾ ಇದೆ. ಈ ಕಡೆಯ ರೂಮುಗಳಿಂದ ನದಿ ನೋಡಿದರೆ ಮುಖ ಪಶ್ಚಿಮಕ್ಕೆ, ಅಂದರೆ ಸೂರ್ಯ ಮುಳುಗುವುದು ನಿಮ್ಮ ಕಿಟಕಿಯಲ್ಲೇ. ಎದುರು ದಂಡೆ ಥೊನ್‌ಬುರಿ ಕಡೆಯದು. ಅಲ್ಲಿ ಪೆನಿನ್ಸುಲಾ ಇದೆ, ಅದರ ಎಲ್ಲ ರೂಮುಗಳೂ ನದಿಗೇ ಮುಖ ಮಾಡಿವೆ. ಆ ದಂಡೆಯಿಂದ ಕಾಣುವುದು ಬೆಳಗಿನ ಸೂರ್ಯ, ರಾತ್ರಿ ಊರಿನ ದೀಪಗಳು. ಎರಡೂ ಚೆಂದವೇ. ಆದರೆ ಪೂರ್ವ ದಂಡೆಯಲ್ಲಿದ್ದರೆ ಹೋಟೆಲ್ ಗೇಟಿನಿಂದ ನಡೆದುಕೊಂಡೇ ರೈಲು, ಅಂಗಡಿ, ಬೀದಿ ಊಟ ಎಲ್ಲ ಸಿಗುತ್ತದೆ. ಪಶ್ಚಿಮ ದಂಡೆಯಲ್ಲಿ ಗದ್ದಲ ಕಮ್ಮಿ, ಆದರೆ ಆಚೆ ಹೋಗಬೇಕಾದರೆಲ್ಲ ಹೋಟೆಲ್ ಬೋಟು ಕಾಯಬೇಕು. ಬೋಟಿಗೆ ದುಡ್ಡಿಲ್ಲ, ಸಪಾನ್ ತಕ್ಸಿನ್ ಸ್ಟೇಷನ್ ಪಕ್ಕದ ದೋಣಿಕಟ್ಟೆ ಸಾತೋರ್ನ್ ಪಿಯರ್‌ಗೆ ತಂದು ಬಿಡುತ್ತಾರೆ. ನಾವು ಪೂರ್ವ ದಂಡೆ ಆರಿಸಿಕೊಂಡೆವು, ಸಂಜೆಯ ಆಕಾಶಕ್ಕೋಸ್ಕರ.

ರೂಮು ಬುಕ್ ಮಾಡುವಾಗ 'ರಿವರ್ ವ್ಯೂ' ಅಂತ ಬರೆದಿದೆಯಾ, 'ಪಾರ್ಷಿಯಲ್ ರಿವರ್ ವ್ಯೂ' ಅಂತ ಬರೆದಿದೆಯಾ ಅನ್ನುವುದನ್ನು ಸರಿಯಾಗಿ ಓದಿ. ಎರಡನೆಯದರಲ್ಲಿ ಕತ್ತು ಓರೆ ಮಾಡಿದರೆ ಮಾತ್ರ ನದಿ ಕಾಣುತ್ತದೆ. 'ಸಿಟಿ ವ್ಯೂ'ಗೂ 'ರಿವರ್ ವ್ಯೂ'ಗೂ ಇರುವ ವ್ಯತ್ಯಾಸದ ದುಡ್ಡು ಈ ಪ್ರವಾಸದಲ್ಲಿ ಕೊಡಲೇಬೇಕಾದ ದುಡ್ಡು. ಸ್ಪಾ ಬಿಡಿ, ಡಿನ್ನರ್ ಕ್ರೂಸ್ ಬಿಡಿ, ಇದನ್ನು ಬಿಡಬೇಡಿ. ಆಮೇಲೆ ಮೇಲಿನ ಮಹಡಿ ಕೇಳಿ. ಉದ್ದನೆಯ ಲಾಂಗ್‌ಟೇಲ್ ದೋಣಿಗಳಿಗೆ ಕಾರಿನ ಇಂಜಿನ್ ಕೂರಿಸಿರುತ್ತಾರೆ, ಸದ್ದು ಜೋರು. ರಾತ್ರಿ ಪಾರ್ಟಿ ಬೋಟುಗಳ ಹಾಡೂ ಇರುತ್ತದೆ. ನಮಗೆ ಮೊದಲು ಕೊಟ್ಟ ರೂಮು ಕೆಳಗಿನ ಮಹಡಿಯದು, ಬೋಟು ನಿಲ್ಲುವ ಜಾಗದ ನೇರ ಮೇಲೆ. ಬ್ಯಾಗ್ ಬಿಚ್ಚುವ ಮುಂಚೆಯೇ ರಿಸೆಪ್ಷನ್‌ಗೆ ಹೋಗಿ ನಗುನಗುತ್ತಾ ಕೇಳಿದೆವು, ಅರ್ಧ ಗಂಟೆಯಲ್ಲಿ ಮೇಲೆ ಬೇರೆ ಕೊಟ್ಟರು. ಅಲ್ಲಿ ದನಿ ಏರಿಸಿದರೆ ಕೆಲಸ ಕೆಡುತ್ತದೆ, ಮೆಲ್ಲಗೆ ಕೇಳಿದರೆ ಆಗುತ್ತದೆ.

ಹೊರಡುವ ವಾರದ ಮುಂಚೆ ಹೋಟೆಲ್‌ಗೆ ನೇರವಾಗಿ ಒಂದು ಮೇಲ್ ಹಾಕಿ. ಬುಕಿಂಗ್ ಆ್ಯಪ್‌ನ ಸಣ್ಣ ಪೆಟ್ಟಿಗೆಯಲ್ಲಿ ಬರೆದದ್ದನ್ನು ನಂಬಬೇಡಿ. ಮೂರು ವಿಷಯ ಸಾಕು: ಯಾವ ಸಂದರ್ಭಕ್ಕೆ ಬರುತ್ತಿದ್ದೀರಿ, ಒಂದೇ ದೊಡ್ಡ ಹಾಸಿಗೆ ಬೇಕು ಅನ್ನುವುದು (ಇಲ್ಲದಿದ್ದರೆ ಎರಡು ಬೇರೆ ಬೇರೆ ಮಂಚದ ರೂಮು ಬಂದುಬಿಡಬಹುದು, ಹನಿಮೂನಿಗೆ ಹೋದವರಿಗೆ ಅದೇನು ಚೆಂದ ಹೇಳಿ), ಮತ್ತು ಸಸ್ಯಾಹಾರಿಗಳಾಗಿದ್ದರೆ ಅದು. ನಾವು ವಾರ್ಷಿಕೋತ್ಸವ ಅಂತ ಬರೆದಿದ್ದೆವು. ಬಾಗಿಲು ತೆಗೆದರೆ ಮೇಜಿನ ಮೇಲೆ ಒಂದು ಪುಟ್ಟ ಕೇಕು, ಪಕ್ಕದಲ್ಲಿ ಮಲ್ಲಿಗೆ ಮೊಗ್ಗಿನ ಮಾಲೆ. ನಮ್ಮ ಹೂವಿನ ದಂಡೆಯ ಥರ ದಾರದಲ್ಲಿ ಗಂಟು ಹಾಕಿದ್ದಲ್ಲ, ಸೂಜಿಯಲ್ಲಿ ಒತ್ತೊತ್ತಾಗಿ ಪೋಣಿಸಿದ್ದು, ತುದಿಯಲ್ಲಿ ಒಂದು ಕೆಂಪು ಗುಲಾಬಿ. ಇವರು ತೆಗೆದು ನನ್ನ ಕೈಗೆ ಹಾಕಿದರು. ಮಾರನೆಯ ಬೆಳಿಗ್ಗೆವರೆಗೂ ರೂಮು ತುಂಬ ಅದೇ ಘಮ.

ದುಡ್ಡಿನ ವಿಷಯ. ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಚಿಹ್ನೆ ಕಂಡರೆ ಅದಿನ್ನೂ ಪೂರ್ತಿ ಬೆಲೆ ಅಲ್ಲ. ಮೇಲೆ 10% ಸರ್ವಿಸ್ ಚಾರ್ಜ್, ಆಮೇಲೆ ಅದೂ ಸೇರಿಸಿ 7% ವ್ಯಾಟ್. 10,000 ಬಾತ್ ಅಂತ ಕಂಡದ್ದು ಕೊನೆಗೆ 11,770 ಬಾತ್ ಆಗುತ್ತದೆ. ಹೋಟೆಲ್‌ನೊಳಗಿನ ಊಟ, ಸ್ಪಾ, ಕಾಫಿ ಎಲ್ಲಕ್ಕೂ ಸಾಮಾನ್ಯವಾಗಿ ಇದೇ ಲೆಕ್ಕ. ಚೆಕ್‌ಇನ್ ಮಾಡುವಾಗ ಕಾರ್ಡ್‌ನಲ್ಲಿ ಡೆಪಾಸಿಟ್ ಹಿಡಿಯುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ದುಡ್ಡೇ ಹೋಗಿ ಕೂರುತ್ತದೆ, ವಾಪಸ್ ಬರಲು ದಿನಗಟ್ಟಲೆ ಬೇಕು. ಬೆಳಗಿನ ತಿಂಡಿ ಸೇರಿದ ದರವನ್ನೇ ತಗೊಳ್ಳಿ. ಕ್ಲಬ್ ಲೌಂಜ್ ಸೇರಿದ ರೂಮಿಗೆ ಮಾತ್ರ ಎರಡು ಸಲ ಯೋಚಿಸಿ. ಅದರ ಮುಖ್ಯ ಲಾಭ ಸಂಜೆಯ ಡ್ರಿಂಕ್ಸು. ಕುಡಿಯದ, ಸಸ್ಯಾಹಾರಿ ಜೋಡಿಗೆ ಆ ದುಡ್ಡು ವಸೂಲಾಗುವುದಿಲ್ಲ, ಅದನ್ನು ಮೇಲಿನ ಮಹಡಿಗೆ ಹಾಕಿ.

ಹೋಗುವ ಮುಂಚಿನ ಕಾಗದಪತ್ರ. 2025ರ ಮೇ 1ರಿಂದ ಥೈಲ್ಯಾಂಡ್‌ಗೆ ಹೋಗುವ ಎಲ್ಲ ವಿದೇಶಿಯರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ, ಅವರ ಇಮಿಗ್ರೇಷನ್ ಇಲಾಖೆಯ ವೆಬ್‌ಸೈಟಿನಲ್ಲೇ. ಪೂರ್ತಿ ಉಚಿತ. ದುಡ್ಡು ಕೇಳುವ ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ವೀಸಾ ನಿಯಮ ಮೇಲಿಂದ ಮೇಲೆ ಬದಲಾಗುತ್ತದೆ, ಆದ್ದರಿಂದ ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿಯೇ ಮುಂದುವರಿಯಿರಿ.

ರಾತ್ರಿ ವಿಮಾನ ಹಿಡಿದರೆ ನಸುಕಿನಲ್ಲೇ ಇಳಿಯುತ್ತೀರಿ. ಅಲ್ಲಿ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ರೂಮು ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ನಿದ್ದೆಗೆಟ್ಟ ಮುಖ ಹೊತ್ತು ಲಾಬಿಯಲ್ಲಿ ಏಳೆಂಟು ಗಂಟೆ ಕೂರುವುದು ಪ್ರಣಯ ಪ್ರವಾಸದ ಶುರುವಲ್ಲ. ಆದಷ್ಟು ಹಗಲು ವಿಮಾನ ನೋಡಿ. ಸಿಗದಿದ್ದರೆ ಈಜುಡುಗೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬ್ಯಾಗ್ ಹೋಟೆಲ್‌ಗೆ ಒಪ್ಪಿಸಿ ಪೂಲ್‌ಗೆ ಹೋಗಬಹುದಾ ಅಂತ ಕೇಳಿ, ಬಹುತೇಕ ಬಿಡುತ್ತಾರೆ. ಸುವರ್ಣಭೂಮಿ ಏರ್‌ಪೋರ್ಟ್‌ನಿಂದ ಫಯಾ ಥಾಯ್‌ವರೆಗೆ ರೈಲಿದೆ, 45 ಬಾತ್, ಸುಮಾರು ಅರ್ಧ ಗಂಟೆ. ಅಲ್ಲಿ ಬಿಟಿಎಸ್ (ಊರೊಳಗೆ ಕಂಬಗಳ ಮೇಲೆ ಓಡುವ ರೈಲು) ಹತ್ತಿ, ಸಿಯಾಮ್‌ನಲ್ಲಿ ಬದಲಿಸಿ ಸಪಾನ್ ತಕ್ಸಿನ್‌ಗೆ ಬರಬಹುದು. ದೊಡ್ಡ ಸೂಟ್‌ಕೇಸ್ ಇದ್ದರೆ ಆ ಒದ್ದಾಟ ಬೇಡ, ಕೆಳಗಿನ ಮಹಡಿಯ ಯಂತ್ರದಿಂದ ಚೀಟಿ ತೆಗೆದುಕೊಂಡು ಮೀಟರ್ ಟ್ಯಾಕ್ಸಿ ಹತ್ತಿ. ಮೀಟರ್ ಮೇಲೆ 50 ಬಾತ್ ಏರ್‌ಪೋರ್ಟ್ ಶುಲ್ಕ, ಹೆದ್ದಾರಿ ಟೋಲ್ ಬೇರೆ.

ಇನ್ನು ದಿನಗಳು. ಬೆಳಗಿನ ತಿಂಡಿಗೆ ನದಿ ಪಕ್ಕದ ಮೇಜೇ ಕೇಳಿ, ಒಂದೆರಡು ನಿಮಿಷ ಕಾಯಬೇಕಾದರೂ ಸರಿ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಹೊತ್ತು ಇದೇ. ಅಂತರಗಂಗೆಯ ದೊಡ್ಡ ದೊಡ್ಡ ಗುಂಪುಗಳು ನೀರಲ್ಲಿ ತೇಲುತ್ತಾ ಹೋಗುತ್ತಿರುತ್ತವೆ. ಒಂದು ಪುಟಾಣಿ ಟಗ್ ಬೋಟು ತನಗಿಂತ ಎಷ್ಟೋ ಪಾಲು ದೊಡ್ಡದಾದ ಸರಕು ದೋಣಿಗಳ ಸಾಲನ್ನು ಹಗ್ಗ ಕಟ್ಟಿ ಎಳೆದುಕೊಂಡು, ನಿಂತಿದೆಯೋ ಹೋಗುತ್ತಿದೆಯೋ ಗೊತ್ತಾಗದಷ್ಟು ನಿಧಾನವಾಗಿ ದಾಟುತ್ತದೆ. ಅದು ಸೇತುವೆ ಸೇರುವಷ್ಟರಲ್ಲಿ ನಮ್ಮದು ಎರಡನೇ ಕಾಫಿ ಮುಗಿದಿರುತ್ತಿತ್ತು. "ರೀ, ಇನ್ನು ಸ್ವಲ್ಪ ಹೊತ್ತು ಕೂತಿರೋಣ" ಅಂದರೆ ಫೋನ್ ಕೆಳಗಿಟ್ಟು "ಕೂರೋಣ ಬಿಡೇ, ಯಾರು ಓಡಿಸ್ತಾರೆ" ಅನ್ನುವ ಗಂಡನನ್ನು ನಮ್ಮೂರಲ್ಲಿ ಎಷ್ಟು ಬೆಳಿಗ್ಗೆ ನೋಡಿದ್ದೇನೆ? ಅದಕ್ಕೇ ಹೇಳುವುದು, ಬೆಳಿಗ್ಗೆ ಯಾವ ಟೂರೂ ಇಟ್ಟುಕೊಳ್ಳಬೇಡಿ.

ಹೊರಗೆ ಹೋಗುವುದನ್ನು ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಇಡಿ. ಸಾತೋರ್ನ್ ಪಿಯರ್‌ನಿಂದ ಕಿತ್ತಳೆ ಬಾವುಟದ ಬೋಟು ಹತ್ತಿ, ಎಷ್ಟು ದೂರ ಹೋದರೂ 16 ಬಾತ್ ಒಂದೇ ದರ. ಪ್ರವಾಸಿಗಳ ನೀಲಿ ಬಾವುಟದ ಬೋಟಿಗೆ ದುಡ್ಡು ಜಾಸ್ತಿ, ಕಾಣುವ ನದಿ ಅದೇ. ಕಂಡಕ್ಟರ್ ಹೆಂಗಸರು ಉದ್ದನೆಯ ಲೋಹದ ಡಬ್ಬಿಯನ್ನು ಚಟ್ ಚಟ್ ಅಂತ ಬಡಿಯುತ್ತಾ ಬರುತ್ತಾರೆ, ಟಿಕೆಟ್ಟೂ ಚಿಲ್ಲರೆಯೂ ಅದರೊಳಗೇ. ಹಿಂದೆ ನಿಂತ ಹುಡುಗ ಸೀಟಿ ಊದಿ ಊದಿ ಬೋಟನ್ನು ದಡಕ್ಕೆ ತರಿಸುತ್ತಾನೆ. ಥಾ ಟಿಯನ್‌ನಲ್ಲಿ ಇಳಿದರೆ ವಾಟ್ ಫೋ ಬೌದ್ಧ ದೇವಸ್ಥಾನ ಪಕ್ಕದಲ್ಲೇ, ನದಿಯಾಚೆ ವಾಟ್ ಅರುಣ್. ಹೆಸರೇನೋ ಅರುಣನದು, ಆದರೆ ದೇವಸ್ಥಾನ ಪಶ್ಚಿಮ ದಂಡೆಯಲ್ಲಿರುವುದರಿಂದ ಸಂಜೆ ಸೂರ್ಯ ಅದರ ಬೆನ್ನಿಗೆ ಇಳಿಯುತ್ತಾನೆ. ಹಾಗಾಗಿ ಮೊದಲು ದಾಟುದೋಣಿಯಲ್ಲಿ ಹೋಗಿ ಗುಡಿ ನೋಡಿ, ಗೋಪುರದ ಮೇಲೆ ಅಂಟಿಸಿರುವ ಪಿಂಗಾಣಿ ಚೂರುಗಳ ಹೂವುಗಳನ್ನು ಹತ್ತಿರದಿಂದ ನೋಡಿ, ಆಮೇಲೆ ವಾಪಸ್ ಈ ದಡಕ್ಕೆ ಬಂದು ಯಾವುದಾದರೂ ಟೆರೇಸ್ ಹೋಟೆಲಿನಲ್ಲಿ ಕೂತು ಸಂಜೆ ನೋಡಿ. ಮುಂದಿನ ಸಾಲಿನ ಮೇಜಿಗೆ ಮೊದಲೇ ಬುಕ್ ಮಾಡಬೇಕು, ಹೋಟೆಲಿನ ಕನ್ಸಿಯರ್ಜ್‌ಗೆ ಹೇಳಿದರೆ ಅವರೇ ಮಾಡಿಸಿಕೊಡುತ್ತಾರೆ. ಕತ್ತಲಾದ ಮೇಲೆ ಕಿತ್ತಳೆ ಬೋಟು ಇರುವುದಿಲ್ಲ. ಹತ್ತಿರದ ಸನಾಮ್ ಚಾಯ್ ಮೆಟ್ರೋ ಹತ್ತಿ ಸಿಲೋಮ್‌ಗೆ ಬಂದು, ಅಲ್ಲಿ ಸಾಲಾ ಡೇಂಗ್ ಬಿಟಿಎಸ್‌ಗೆ ಬದಲಿಸಿದರೆ ಸೀದಾ ಸಪಾನ್ ತಕ್ಸಿನ್. ಆ ಸನಾಮ್ ಚಾಯ್ ಸ್ಟೇಷನ್ ಒಳಗೆ ಅರಮನೆ ಸಭಾಂಗಣದಂತೆ ಕಟ್ಟಿದ್ದಾರೆ, ಐದು ನಿಮಿಷ ನಿಂತು ನೋಡಿ. ಸಂಜೆ ಆರಕ್ಕೆ ಸ್ಟೇಷನ್‌ನಲ್ಲಿದ್ದರೆ ರಾಷ್ಟ್ರಗೀತೆ ಹಾಕುತ್ತಾರೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಗ್ರ್ಯಾಂಡ್ ಪ್ಯಾಲೇಸ್ ನೋಡಲೇಬೇಕೆಂದರೆ ಬೆಳಿಗ್ಗೆ ಬಾಗಿಲು ತೆಗೆಯುವ ಎಂಟೂವರೆಗೇ ಹೋಗಿ. ಟಿಕೆಟ್ ವಿದೇಶಿಯರಿಗೆ 500 ಬಾತ್. ಭುಜ, ಮಂಡಿ ಮುಚ್ಚಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸುತ್ತಮುತ್ತ ಯಾರಾದರೂ ಬಂದು "ಇವತ್ತು ಪ್ಯಾಲೇಸ್ ಮುಚ್ಚಿದೆ, ಬೇರೆ ಕಡೆ ಟುಕ್‌ಟುಕ್‌ನಲ್ಲಿ ಕರ್ಕೊಂಡು ಹೋಗ್ತೀನಿ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಹರಳಿನ ಅಂಗಡಿಗೆ ಎಳೆಯುವ ಹಳೇ ಆಟ. ಗೇಟಿನವರೆಗೂ ಹೋಗಿ ನೀವೇ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರ ಪ್ರವಾಸಕ್ಕೆ ಆ ಜನಜಂಗುಳಿ ಬೇಕಿಲ್ಲ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ, ನದಿ ಕಡೆಯಿಂದ ನಡೆದೇ ಹೋಗಬಹುದು, ಅಲ್ಲಿ ಕೈಮುಗಿದು ಬಂದದ್ದು ನಮಗೆ ಹೆಚ್ಚು ಖುಷಿ ಕೊಟ್ಟಿತು. ನಮ್ಮವರಿಗಿಂತ ಥಾಯ್ ಹುಡುಗ ಹುಡುಗಿಯರೇ ತಟ್ಟೆ ತುಂಬ ಹೂ ಹಣ್ಣು ಹಿಡಿದು ಸಾಲಲ್ಲಿ ನಿಂತಿದ್ದರು.

ಊಟ. ಸಸ್ಯಾಹಾರಿಗಳೇ, ಇದನ್ನು ಗಮನ ಇಟ್ಟು ಓದಿ. ಬರೀ ತರಕಾರಿ ಕಾಣುವ ತಿನಿಸಿಗೂ ಮೀನಿನ ಸಾಸ್ ಹಾಕಿರುತ್ತಾರೆ, ಅಲ್ಲಿ ಅದು ಉಪ್ಪಿನ ಜಾಗದಲ್ಲಿರುವ ವಸ್ತು. ಪಪ್ಪಾಯಿ ಸಲಾಡ್‌ಗೆ ಒಣ ಸಿಗಡಿ ಬೀಳುತ್ತದೆ. 'ವೆಜ್' ಅಂದರೆ ಸಾಲದು, 'ಜೇ' ಅನ್ನಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿಗಳು ಜೇ ಅಂಗಡಿಗಳು. ಮಾಂಸ, ಮೀನು, ಮೊಟ್ಟೆ, ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಹೋಟೆಲಿನೊಳಗೆ ಇಷ್ಟು ಕಷ್ಟವಿಲ್ಲ, ಮೇಲ್‌ನಲ್ಲಿ ಬರೆದಿದ್ದರೆ ತಿಂಡಿ ಹೊತ್ತಿಗೆ ಅಡುಗೆಯವರೇ ಬಂದು ಮಾತಾಡಿಸುತ್ತಾರೆ. ಹಣ್ಣು ಬಿಡಬೇಡಿ. ನಾವು ಹೋದದ್ದು ಜೂನ್‌ನಲ್ಲಿ, ಮ್ಯಾಂಗೊಸ್ಟೀನ್ ಕಾಲ, ಮಾವಿನಹಣ್ಣು ಮತ್ತು ತೆಂಗಿನಹಾಲಿನ ಅಂಟು ಅನ್ನವೂ ಸಿಕ್ಕಿತು. ಬೀದಿಯಲ್ಲಿ ಡುರಿಯನ್ ಕೊಂಡು ರೂಮಿಗೆ ಮಾತ್ರ ತರಬೇಡಿ, ವಾಸನೆಗೆ ಹೋಟೆಲುಗಳು ದಂಡ ಹಾಕುತ್ತವೆ.

ಜೂನ್ ಮಳೆಗಾಲ ಅಲ್ವಾ ಅಂತ ಕೇಳುವವರಿಗೆ: ಹೌದು, ಸಾಮಾನ್ಯವಾಗಿ ಒಂದೆರಡು ಗಂಟೆ ಜೋರಾಗಿ ಸುರಿದು ನಿಲ್ಲುತ್ತದೆ, ರೂಮಿನ ಬೆಲೆ ಇಳಿದಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಹವೆ ಚೆನ್ನ, ಬೆಲೆ ಜಾಸ್ತಿ. ಏಪ್ರಿಲ್ ಬಿಸಿಲು ಹೋಟೆಲ್ ಬಿಟ್ಟು ಹೊರಬರಲು ಬಿಡುವುದಿಲ್ಲ. ಮಳೆಗಾಲದಲ್ಲಿ ಹೋದರೆ ರೂಫ್‌ಟಾಪ್ ಬಾರುಗಳನ್ನು ನೆಚ್ಚಿಕೊಳ್ಳಬೇಡಿ. ಲೆಬುವಾ ಹೋಟೆಲಿನ 63ನೇ ಮಹಡಿ, ಬನ್ಯನ್ ಟ್ರೀ ಹೋಟೆಲಿನ 61ನೇ ಮಹಡಿ ಎರಡೂ ತೆರೆದ ಜಾಗ, ಮಳೆ ಬಂದರೆ ಎಬ್ಬಿಸುತ್ತಾರೆ. ಚಪ್ಪಲಿ, ಚಡ್ಡಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ, ಗಂಡಸರಿಗೆ ಒಂದು ಜೊತೆ ಶೂ, ಪ್ಯಾಂಟು ಇರಲಿ. ಒಂದು ಸಲ ಹೋಗಿ ನೋಡುವುದಕ್ಕೆ ಸರಿ. ದೊಡ್ಡ ಡಿನ್ನರ್ ಕ್ರೂಸ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ನೂರಾರು ಜನ, ಕಿವಿಗಡಚಿಕ್ಕುವ ಹಾಡು. ನದಿಯಲ್ಲೇ ಊಟ ಆಗಬೇಕೆಂದರೆ ಹಳೇ ಮರದ ಅಕ್ಕಿ ದೋಣಿಗಳನ್ನು ಸರಿಮಾಡಿ ನಡೆಸುವ ಸಣ್ಣ ಕ್ರೂಸ್ ಹುಡುಕಿ, ದುಡ್ಡು ಜಾಸ್ತಿ, ಆದರೆ ಮಾತಾಡಿದ್ದು ಕೇಳಿಸುತ್ತದೆ.

ಕೊನೆಯ ದಿನಕ್ಕೆ ಎರಡು ಮಾತು. ಲೇಟ್ ಚೆಕ್‌ಔಟ್ ಬೇಕಾದರೆ ಹಿಂದಿನ ದಿನವೇ ಕೇಳಿ, ವಾರದ ನಡುವೆ ಸುಲಭವಾಗಿ ಸಿಗುತ್ತದೆ. ಸಿಗದಿದ್ದರೂ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಪೂಲ್ ಪಕ್ಕದ ಸ್ನಾನದ ಮನೆ ಬಳಸಲು ಬಿಡುತ್ತಾರೆ, ರಾತ್ರಿ ವಿಮಾನದವರಿಗೆ ಇದು ದೊಡ್ಡ ಅನುಕೂಲ. ಸಂಜೆ ನಾಲ್ಕರಿಂದ ಏಳರವರೆಗೆ ಸಾತೋರ್ನ್ ರಸ್ತೆಯಲ್ಲಿ ಟ್ರಾಫಿಕ್ ಅಲ್ಲಾಡುವುದಿಲ್ಲ, ಅದಕ್ಕೆ ಮುಂಚೆ ಹೊರಡಿ ಅಥವಾ ರೈಲು ಹಿಡಿಯಿರಿ. ಮತ್ತೆ ಆ ಡೆಪಾಸಿಟ್ ಬಿಡುಗಡೆ ಮಾಡಿದ ಚೀಟಿ ಕೇಳಿ ಇಸಿದುಕೊಳ್ಳಿ, ದುಡ್ಡು ವಾಪಸ್ ಬರುವವರೆಗೂ ಇಟ್ಟುಕೊಂಡಿರಿ.