ಮೂವತ್ತು-ನಲವತ್ತರ ನಿವೇಶನದವರೆಗೆ ಬಾರದ ಕಾನೂನು

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿದರೂ ಸುತ್ತಮುತ್ತ ಸೋಲಾರ್ ಹೀಟರಿನ ಟ್ಯಾಂಕುಗಳು ಕಾಣುತ್ತವೆ. ಜನರ ಉತ್ಸಾಹವೊಂದೇ ಇದಕ್ಕೆ ಕಾರಣವಲ್ಲ. 2007ರಲ್ಲಿ ರಾಜ್ಯ ಸರ್ಕಾರವು ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯಗೊಳಿಸಿತು. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದವರು ಕೂಡ ವಿದ್ಯುತ್ ಸಂಪರ್ಕ ಬೇಕೆಂದರೆ ಅದನ್ನು ಹಾಕಿಸಬೇಕಾಯಿತು. ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ಬಿಲ್ಲಿನಲ್ಲೇ ರಿಯಾಯಿತಿ ದೊರೆಯಿತು. ಮನೆ ಕಟ್ಟುವವರು ತಪ್ಪಿಸಿಕೊಳ್ಳಲಾಗದ ಹಂತದಲ್ಲಿಯೇ ನಿಯಮವನ್ನು ಇರಿಸಿದ್ದರಿಂದ ಅದು ಕೆಲಸ ಮಾಡಿತು ಎಂಬುದು ನನ್ನ ನಂಬಿಕೆ.

ತಾರಸಿಯ ಮೇಲಿನ ಯಂತ್ರದ ವಿಷಯದಲ್ಲಿ ತೋರಿದ ಈ ದೃಢತೆಯನ್ನು ತಾರಸಿಯ ವಿಷಯದಲ್ಲಿ ನಾವು ತೋರಲಿಲ್ಲ. ಎರಡು ವರ್ಷಗಳ ಹಿಂದೆ ಕಲಬುರಗಿಯಲ್ಲಿ ನನ್ನ ತಮ್ಮ ಮಣ್ಣಿನ ಛಾವಣಿಯ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ಮಣ್ಣಿನ ಮಾಳಿಗೆಯ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಅಜ್ಜಿ ನಿದ್ದೆ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಕಾಂಕ್ರೀಟ್ ಹಾಗಲ್ಲ, ಅದು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು, ನಾವು ಮಲಗುವ ಹೊತ್ತಿಗೆ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ, ಫ್ಯಾನು ಅದನ್ನೇ ನಮ್ಮ ಮೇಲೆ ತಳ್ಳುತ್ತದೆ. ಛಾವಣಿಯ ಮೇಲೆ ಶಾಖ ತಡೆಯುವ ಒಂದು ಪದರವನ್ನೂ ಅದರ ಮೇಲೆ ಬಿಳಿ ಟೈಲ್ಸನ್ನೂ ಹಾಕಿಸೋಣವೆಂದು ನಾನು ಹೇಳಿದಾಗ, ಮೇಸ್ತ್ರಿ ತಾಳ್ಮೆಯಿಂದಲೇ ಕೇಳಿದರು: "ನಕ್ಷಾದಾಗ ಇದು ಅದ ಏನ್ರೀ, ಅಕ್ಕಾರ?" ನಕ್ಷೆಯಲ್ಲಿ ಅದು ಇರಲಿಲ್ಲ. ಇರಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಈಗ ಆ ಮನೆಯಲ್ಲಿ ಮಾರ್ಚ್‌ನಿಂದಲೇ ಎ.ಸಿ. ಓಡುತ್ತದೆ.

ಕಾನೂನೇ ಇಲ್ಲವೆಂದಲ್ಲ. ಕೇಂದ್ರದ 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಸಂಹಿತೆ, ಅಂದರೆ ಇಂಧನ ಉಳಿಸುವಂತೆ ಕಟ್ಟುವ ನಿಯಮಗಳ ಕಟ್ಟು, ಬಂತು. ವಸತಿ ಕಟ್ಟಡಗಳಿಗಾಗಿ 2018ರ ಡಿಸೆಂಬರ್‌ನಲ್ಲಿ 'ಈಕೋ ನಿವಾಸ ಸಂಹಿತೆ' ಬಂತು. ಈ ಎರಡನೆಯದನ್ನು ನಾನು ಗಮನವಿಟ್ಟು ಓದಿದ್ದೇನೆ, ಅದು ನಿಜಕ್ಕೂ ಒಳ್ಳೆಯ ದಾಖಲೆ. ಗೋಡೆ, ಕಿಟಕಿಗಳ ಮೂಲಕ ಎಷ್ಟು ಶಾಖ ಒಳಬರಬಹುದು, ಗಾಳಿಗೆ ಎಷ್ಟು ತೆರಪಿರಬೇಕು ಎಂಬುದನ್ನೆಲ್ಲ ಅದು ಹವಾಮಾನ ವಲಯಗಳನ್ನು ಗಮನದಲ್ಲಿಟ್ಟು ಹೇಳುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಛಾವಣಿಯ ಒಂದು ಚದರ ಮೀಟರಿನ ಮೂಲಕ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹಾಯಬಾರದೆಂಬುದು ಅದರ ಮಿತಿ. ಬರಿಯ ಆರ್‌ಸಿಸಿ ಛಾವಣಿಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಹಾಯುತ್ತದೆ. ಆದರೆ 2018ರ ಈ ಸಂಹಿತೆಯನ್ನು ರೂಪಿಸಿದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. 30×40ರ ನಿವೇಶನವೆಂದರೆ ಸುಮಾರು 111 ಚದರ ಮೀಟರ್.

2022ರ ತಿದ್ದುಪಡಿಯು ವಸತಿ ಕಟ್ಟಡಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದಿತು, ಆದರೆ ಕನಿಷ್ಠ 100 ಕಿಲೋವ್ಯಾಟ್ ಸಂಪರ್ಕಿತ ಹೊರೆ (ಕಟ್ಟಡದ ಉಪಕರಣಗಳೆಲ್ಲ ಸೇರಿ ಎಳೆಯಬಹುದಾದ ವಿದ್ಯುತ್) ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿಯೊಂದಿಗೆ ಗೊತ್ತುಮಾಡಿಕೊಂಡ ಗರಿಷ್ಠ ಬಳಕೆ) ಇರುವ ಕಟ್ಟಡಗಳಿಗೆ ಮಾತ್ರ. ಸಾಮಾನ್ಯ ಮನೆಯೊಂದರ ಹೊರೆ ಮೂರೋ ಐದೋ ಕಿಲೋವ್ಯಾಟ್. ಹಾಗಾಗಿ ದೊಡ್ಡ ಅಪಾರ್ಟ್‌ಮೆಂಟುಗಳು ಒಳಗೆ ಬಂದವು, ನಮ್ಮ ಊರುಗಳ ಬೀದಿಬೀದಿಗಳನ್ನು ತುಂಬಿರುವ ಮನೆಗಳು ಹೊರಗೇ ಉಳಿದವು.

ಸೌರ ವಿದ್ಯುತ್ತಿನ ಕಡೆ ನೆರವು ಚೆನ್ನಾಗಿಯೇ ಇದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕಾದ ಛಾವಣಿಯ ಮೇಲೆ ಪ್ಯಾನೆಲ್ ಇಟ್ಟು, ಅದರಿಂದ ಬಂದ ವಿದ್ಯುತ್ತನ್ನು ಆ ಛಾವಣಿ ಒಳಗಿಳಿಸಿದ ಕಾವನ್ನು ಹೊರಹಾಕುವುದಕ್ಕೇ ಖರ್ಚು ಮಾಡುವುದು ನನಗೆ ಸರಿಕಾಣುವುದಿಲ್ಲ.

ಆ 100 ಕಿಲೋವ್ಯಾಟ್ ಹೊರೆಯ ಮಿತಿಯನ್ನು ತಗ್ಗಿಸುವ ಅಧಿಕಾರವನ್ನು ಇಂಧನ ಸಂರಕ್ಷಣಾ ಕಾಯ್ದೆಯೇ ರಾಜ್ಯಗಳಿಗೆ ಕೊಟ್ಟಿದೆ. ಸಣ್ಣ ಮನೆಗಳಿಂದ ಸಂಹಿತೆಯ ಲೆಕ್ಕಾಚಾರಗಳನ್ನೆಲ್ಲ ಕೇಳಬೇಕಾಗಿಲ್ಲ. ಛಾವಣಿಗೆ ಶಾಖ ತಡೆಯುವ ಪದರ, ಪಶ್ಚಿಮದ ಕಿಟಕಿಗೆ ಸಾಕಷ್ಟು ಅಗಲದ ಸಜ್ಜಾ, ಎದುರುಬದುರು ತೆರೆಯುವ ಕಿಟಕಿಗಳು, ಇಷ್ಟನ್ನು ನಕ್ಷೆ ಮಂಜೂರಾತಿಯ ಹಂತದಲ್ಲಿಯೇ ಕೇಳಿದರೆ ಸಾಕು. ಆಗ ಮೇಸ್ತ್ರಿಯ ಪ್ರಶ್ನೆಗೆ ನಕ್ಷೆಯೇ ಉತ್ತರ ಕೊಡುತ್ತದೆ.